‘ಕರಗುವ ಚೀಲ’ ಕೊಳ್ಳುವ ಮುನ್ನ



2016ರಿಂದ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ‘ಇದು ಮಣ್ಣಾಗ ಕರಗತೈತಿ, ನಿಮ್ಮ ಸಂಘದಿಂದ ಮಾರ್ರಿ’ ಎಂದು ಯಾರಾದರೂ ಹತ್ತಿಮತ್ತೂರಿಗೆ ಚೀಲ ತಂದರೆ, ಉಳಿತಾಯದ ಹಣ ಹಾಕುವ ಮೊದಲು ವಿಚಾರಿಸೋಣ. ಇಂಥ ಚೀಲ ಮಾರಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕಡ್ಡಾಯ. ಚೀಲದ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ, ‘ಕಾಂಪೋಸ್ಟಬಲ್’ ಎಂಬ ಅಕ್ಷರ ಇರಬೇಕು.

ಇದಕ್ಕಿರುವ ಮಾನದಂಡ ಐಎಸ್/ಐಎಸ್ಒ 17088. ಅದರ ಪರೀಕ್ಷೆಯಲ್ಲಿ ಸುಮಾರು 58 ಡಿಗ್ರಿ ಕಾವಿನ ಗೊಬ್ಬರದೊಳಗೆ 180 ದಿನದಲ್ಲಿ ಶೇ. 90ರಷ್ಟು ಕೊಳೆಯಬೇಕು. ನಮ್ಮ ತಿಪ್ಪೆಯಲ್ಲಿ ಅಷ್ಟು ಕಾವು ಅಷ್ಟು ದಿನ ನಿಲ್ಲೋದಿಲ್ಲ. ಆದ್ದರಿಂದ ಪ್ರಮಾಣಪತ್ರವಿದ್ದ ಚೀಲವೂ ತಿಪ್ಪೆಯಲ್ಲಿ ಹಾಗೇ ಉಳಿಯಬಹುದು, ದನದ ಹೊಟ್ಟೆಗೂ ಹೋಗಬಹುದು.

ಹಳೇ ಸೀರೆಯಿಂದ ಚೀಲ ಹೊಲಿದು ಸಂತೆಗೆ ಒಯ್ಯೋಣ. ಅದಕ್ಕೆ ಯಾವ ಪ್ರಮಾಣಪತ್ರವೂ ಬೇಡ.