ಹಂಚಿನ ಮಾಡಿನ ಕಂದು ಹಾವು

ಜಗಲಿಯ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಹಲ್ಲಿ ಬರುತ್ತದೆ, ಹಲ್ಲಿಯ ಹಿಂದೆಯೇ ತೋಳ ಹಾವು. ಮಂಗಳೂರಿನ ಬಿಕರ್ನಕಟ್ಟೆ, ಕುಲಶೇಖರದ ಕಡೆಯ ಹಂಚಿನ ಮನೆಗಳಿಗೂ ಕೆಂಪುಕಲ್ಲಿನ ಪಾಗಾರಗಳಿಗೂ ಅದು ಹೊಸಬನಲ್ಲ. ಹಗಲಿಡೀ ಕಲ್ಲಿನ ಸಂದಿಯಲ್ಲೋ ಹಂಚಿನಡಿಯಲ್ಲೋ ಸುರುಳಿ ಸುತ್ತಿ ಮಲಗಿದ್ದು, ಕತ್ತಲಾದ ಮೇಲೆ ಒರಟು ಗೋಡೆಯನ್ನು ಸಲೀಸಾಗಿ ಹತ್ತುತ್ತದೆ.

ಬೆರಳು ದಪ್ಪದ ಹಾವು. ಉದ್ದ ಹೆಚ್ಚಾಗಿ ಒಂದೂವರೆ ಅಡಿ, ದೊಡ್ಡದಾದರೆ ಎರಡೂವರೆ. ಮೈ ಹೊಳೆಯುವ ಕಂದು ಬಣ್ಣ, ತಲೆ ಚಪ್ಪಟೆ, ಕಣ್ಣು ಕಪ್ಪು ಮಣಿ. ಎರಡೂ ದವಡೆಗಳ ಮುಂಭಾಗದಲ್ಲಿ ತೋಳದ ಕೋರೆಯಂತೆ ಉದ್ದನೆಯ ಹಲ್ಲುಗಳಿವೆ. ಅವು ವಿಷದ ಹಲ್ಲುಗಳಲ್ಲ. ನುಣುಪು ಮೈಯ ಅರಣೆ ಜಾರಿಹೋಗದಂತೆ ಕಚ್ಚಿ ಹಿಡಿಯಲು ಇರುವಂಥವು.

ಈ ಹಾವಿಗೆ ಕುತ್ತು ತಂದದ್ದು ಮೈಮೇಲಿನ ಬಿಳಿ ಪಟ್ಟೆ. ವಿಷದ ಕಟ್ಟು ಹಾವೆಂದು ಹೆದರಿ ಜನ ಹೊಡೆದೇಬಿಡುತ್ತಾರೆ. ನಾಗಬನದಲ್ಲಿ ನಾಗನಿಗೆ ತನುವೆಂದು ಹಾಲೆರೆಯುವ ಊರಿನಲ್ಲೂ ಆ ಭಕ್ತಿ ನಾಗರಹಾವನ್ನು ದಾಟಿ ಈಚೆ ಬಂದದ್ದು ಕಡಿಮೆ. ಪಟ್ಟೆಗಳನ್ನು ಗಮನಿಸಿದರೆ ವ್ಯತ್ಯಾಸ ತಿಳಿಯುತ್ತದೆ. ತೋಳ ಹಾವಿಗೆ ಅವು ಕತ್ತಿನ ಹತ್ತಿರ ಎದ್ದು ಕಂಡು, ಬಾಲದತ್ತ ಹೋದಂತೆ ಮಾಸುತ್ತವೆ. ಕಟ್ಟು ಹಾವಿನ ಮೈ ನೀಲಿಗಪ್ಪು. ಕತ್ತಿನ ಬಳಿ ಪಟ್ಟೆ ಇಲ್ಲದೆಯೂ ಇರಬಹುದು, ಬಾಲದ ಕಡೆ ಮಾತ್ರ ಸ್ಪಷ್ಟ. ಅದರ ಬೆನ್ನಿನ ನಡುಸಾಲಿನ ಹುರುಪೆಗಳು ಅಗಲವಾಗಿ ಆರು ಮೂಲೆಯಾಗಿರುತ್ತವೆ. ಆದರೆ ಅದನ್ನು ನೋಡಲು ಹತ್ತಿರ ಹೋಗುವುದು ಜಾಣತನವಲ್ಲ. ಕಟ್ಟು ಹಾವಿನ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ. ಹಾವು ಯಾವುದೆಂಬ ಸಂಶಯವಿದ್ದರೆ ಕಚ್ಚಿಸಿಕೊಂಡವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

1758ರಲ್ಲಿ ಲಿನೇಯಸ್ ಹೆಸರಿಟ್ಟ ನಮ್ಮ ತೋಳ ಹಾವಿನ ಪ್ರಭೇದ ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲೂ ಇದೆ. ಇದರ ಹತ್ತಿರದ ನೆಂಟ, ಆಗ್ನೇಯ ಏಷ್ಯಾದ ಇನ್ನೊಂದು ತೋಳ ಹಾವು, 1980ರ ದಶಕದಲ್ಲಿ ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪಕ್ಕೆ ಕಾಲಿಟ್ಟಿತು. ಹಡಗಿನ ಸರಕಿನಲ್ಲಿ ಅಡಗಿ ಬಂದಿರಬೇಕು. ಇಂಥ ಶತ್ರುವನ್ನೇ ಕಂಡಿರದ ಅಲ್ಲಿನ ಹಲ್ಲಿ, ಅರಣೆಗಳಲ್ಲಿ ಹೆಚ್ಚಿನವು ಕೆಲವೇ ದಶಕಗಳಲ್ಲಿ ಕಾಡಿನಿಂದ ಕಾಣೆಯಾದವು. ಅದಕ್ಕೆ ಈ ಹಾವೇ ಮುಖ್ಯ ಕಾರಣವೆಂದು ಸಂಶೋಧಕರ ಗುಮಾನಿ. ಅಲ್ಲಿನ ಒಂದು ಜಾತಿಯ ಕೊನೆಯ ಅರಣೆ 2014ರಲ್ಲಿ ಬೋನಿನಲ್ಲೇ ಸತ್ತಿತು. ನಮ್ಮ ಹಲ್ಲಿಗಳಿಗೆ ತೋಳ ಹಾವಿನ ಬುದ್ಧಿ ಹಳೆಯ ಪರಿಚಯ. ಹಾಗಾಗಿಯೇ ಏನೋ, ಬಿಕರ್ನಕಟ್ಟೆಯ ಗೋಡೆಗಳಲ್ಲಿ ಅವಕ್ಕೇನೂ ಬರವಿಲ್ಲ.