ಜೇಬುಗತ್ತಿಯ ಗುಣಪರೀಕ್ಷೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ಈ ಸಲದ ಸಂಚಿಕೆಗೆ ನೀನೇನು ಬರೆಯುತ್ತೀಯೆಂದು ಮಿತ್ರರು ಕೇಳಿದಾಗ ‘ಚಾಕುವಿನ ವಿಷಯ’ ಎಂದೆ. ಅವರು ನಕ್ಕರು. ಕಾವ್ಯವುಂಟು, ಪ್ರವಾಸವುಂಟು, ನಿಸರ್ಗ ಸೌಂದರ್ಯವುಂಟು. ಇವನ್ನೆಲ್ಲ ಬಿಟ್ಟು ಸಂತೆಯ ಚಾಕುವಿಗೆ ಕೈಯಿಕ್ಕಿದವನನ್ನು ಕಂಡು ನಗದೆ ಇನ್ನೇನು ಮಾಡಿಯಾರು? ಆದರೆ ನಮ್ಮ ಮನೆಯಲ್ಲಿ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಒಂದು ಮಡಿಸುವ ಚಾಕುವಿನ ದೆಸೆಯಿಂದ. ನಮ್ಮ ತಂದೆಯವರು ಶ್ರೀನಿವಾಸಪುರದ ಕಡೆಯ ಮಾವಿನ ನರ್ಸರಿಗಳಲ್ಲಿ ಕಸಿ ಕಟ್ಟುವವರು. ಅವರಿಗೆ ದಿನಗೂಲಿಯಿಲ್ಲ, ಕಟ್ಟಿದ ಕಸಿಗಳಲ್ಲಿ ಎಷ್ಟು ಹಿಡಿದು ಚಿಗುರಿದುವೋ ಅಷ್ಟಕ್ಕೆ ಮಾತ್ರ ಹಣ. ಆದ್ದರಿಂದ ಚಾಕುವಿನ ಬಾಯಿ ಮೊಂಡಾದರೆ ನಮ್ಮ ಮನೆಯ ಲೆಕ್ಕಪುಸ್ತಕವೂ ಮೊಂಡಾಗುತ್ತದೆ.

ಎರಡು ವರ್ಷದ ಹಿಂದೆ ನನಗೆ ವಿದ್ಯಾರ್ಥಿವೇತನದ ಮೊದಲ ಕಂತು ಬಂದಿತು. ಆ ಹಣದಲ್ಲಿ ತಂದೆಯವರಿಗೆ ಏನಾದರೂ ತರಬೇಕೆಂದು ಜಾತ್ರೆಯಲ್ಲಿ ಎಪ್ಪತ್ತು ರೂಪಾಯಿ ಕೊಟ್ಟು ಒಂದು ಚಾಕುವನ್ನು ಕೊಂಡೆ. ಕನ್ನಡಿಯಂತೆ ಹೊಳೆಯುವ ಅಲಗು. ಹಿಡಿಯ ಮೇಲೆ ಹುಲಿಯ ಚಿತ್ರ. ಜೊತೆಗೆ ಬಾಟಲಿ ಬಿರಡೆ ತೆಗೆಯುವ ಸಾಧನ, ಒಂದು ಪುಟ್ಟ ಕತ್ತರಿ, ಉಗುರುಜ್ಜುವ ಅರ. ಅಂಗಡಿಯವನು ಒಂದು ಕಾಗದವನ್ನು ಗಾಳಿಯಲ್ಲಿ ಹಿಡಿದು ಸರ್ರನೆ ಸೀಳಿ ತೋರಿಸಿದ. ನಾನು ಮರುಳಾದೆ. ತಂದೆಯವರು ಅದನ್ನು ಕೈಯಲ್ಲಿ ಹಿಡಿದು, ಮಡಿಸಿ ಬಿಚ್ಚಿ, ‘ಚೆನ್ನಾಗಿದೆ ಮಗ’ ಎಂದರು. ಅವರ ಹಳೆಯ ಚಾಕು ಮಸೆದು ಮಸೆದು ಹುಣಸೆಯ ಕಾಯಿಯಷ್ಟು ಸಣ್ಣಗಾಗಿತ್ತು. ಅದನ್ನು ಗೂಡಿನಲ್ಲಿಟ್ಟು ಹೊಸದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಮಳೆಗಾಲದ ಕೆಲಸಕ್ಕೆ ಹೋದರು.

ಇಲ್ಲಿ ಕಸಿಯ ವಿಚಾರವನ್ನು ಎರಡು ಮಾತಿನಲ್ಲಿ ಹೇಳದಿದ್ದರೆ ಮುಂದಿನದು ತಿಳಿಯಲಾರದು. ಬುಡದ ಸಸಿಯ ತಲೆಯನ್ನು ಕತ್ತರಿಸಿ, ಕಾಂಡವನ್ನು ನಡುವೆ ಸೀಳುತ್ತಾರೆ. ಒಳ್ಳೆಯ ಜಾತಿಯ ಮರದಿಂದ ತಂದ ಕುಡಿಯ ಕಡ್ಡಿಯನ್ನು ಎರಡು ಕಡೆಯೂ ಹೆರೆದು ಬೆಣೆಯಂತೆ ಮಾಡಿ ಆ ಸೀಳಿಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ತೊಗಟೆಗೂ ಕಟ್ಟಿಗೆಗೂ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ಜೀವಪದರವೊಂದಿದೆ. ಇದರ ಪದರ ಅದರ ಪದರಕ್ಕೆ ತಾಗಿದರೆ ಕಸಿ ಹಿಡಿಯಿತು. ಹೆರೆದ ಮುಖ ಗಾಜಿನಂತೆ ನುಣ್ಣಗಿರಬೇಕು. ಚಾಕು ಮೊಂಡಾಗಿದ್ದರೆ ಅದು ಕತ್ತರಿಸುವುದಿಲ್ಲ, ಜಜ್ಜುತ್ತದೆ; ನಡುವೆ ಸಂದು ಉಳಿಯುತ್ತದೆ; ಕಡ್ಡಿ ಒಣಗುತ್ತದೆ.

ಆ ವರ್ಷ ಎಂದಿಗಿಂತ ಹೆಚ್ಚು ಕಡ್ಡಿಗಳು ಒಣಗಿದುವು. ಮಳೆ ಸರಿಯಿರಲಿಲ್ಲವೆಂದು ತಂದೆಯವರು ಹೇಳಿದರು. ಮಳೆಯೂ ಸರಿಯಿರಲಿಲ್ಲ, ನಿಜ. ಆದರೆ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ತಾಯಿಯವರು ನನ್ನನ್ನು ಹಿತ್ತಿಲಿಗೆ ಕರೆದು, ‘ನೀನು ತಂದ ಚಾಕು ಇಪ್ಪತ್ತು ಮೂವತ್ತು ಕಡ್ಡಿಗೇ ಬಾಯಿ ಮಡಿಚಿಕೊಳ್ಳುತ್ತಿತ್ತಂತೆ ಕಣಪ್ಪ. ಗಳಿಗೆಗೊಮ್ಮೆ ಮಸೆಯುತ್ತಾ ಕೂತರೆ ಎಣಿಕೆ ಬರುವುದಿಲ್ಲ. ನಿನಗೆ ಬೇಜಾರಾದೀತೆಂದು ಹಳೆಯದನ್ನು ಮುಟ್ಟಲಿಲ್ಲ’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಚಾಕುವಿನ ಪರೀಕ್ಷೆಯನ್ನು ಕಲಿಯಬೇಕೆಂದು ಹೊರಟೆ. ತಂದೆಯವರಿಂದ, ನಮ್ಮೂರ ಕಮ್ಮಾರರಿಂದ, ಗ್ರಂಥಾಲಯದ ಪುಸ್ತಕಗಳಿಂದ ಕಲಿತದ್ದಷ್ಟನ್ನು ಇಲ್ಲಿಡುತ್ತೇನೆ.

ಮೊಟ್ಟಮೊದಲು ನಾನು ತಿಳಿದದ್ದು: ಹರಿತ ಬೇರೆ, ಹದ ಬೇರೆ. ಅಂಗಡಿಯವನು ಸೀಳಿ ತೋರಿಸಿದ ಕಾಗದ ಹರಿತಕ್ಕೆ ಸಾಕ್ಷಿ. ಹರಿತವನ್ನು ಕಲ್ಲು ಕೊಡುತ್ತದೆ. ತಗಡಿನ ಚೂರಿಗೂ ಒಂದು ಗಳಿಗೆ ಕೊಡಬಲ್ಲುದು. ಕೊಟ್ಟ ಹರಿತವನ್ನು ಉಳಿಸಿಕೊಳ್ಳುವುದು ಉಕ್ಕಿನ ಗುಣ ಮತ್ತು ಅದಕ್ಕೆ ಹಾಕಿದ ಹದ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಆದಕಾರಣ ಅದನ್ನು ಮತ್ತೆ ಸಣ್ಣ ಕಾವಿನಲ್ಲಿ, ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ, ಒಣಹುಲ್ಲಿನ ಬಣ್ಣ ಮೂಡುವಷ್ಟು ಕಾಯಿಸಿ ಒರಟುತನವನ್ನು ಇಳಿಸುತ್ತಾರೆ. ಎರಡನೆಯ ಕಾವು ಹೆಚ್ಚಾದರೆ ಅಲಗು ಮೆತ್ತಗಾಯಿತು. ಕಡಮೆಯಾದರೆ ಹಲ್ಲು ಉದುರಿದಂತೆ ಬಾಯಿ ಉದುರೀತು. ಇಷ್ಟೂ ನಡೆಯುವುದು ಕುಲುಮೆಯ ಮುಂದೆ. ಕೊಳ್ಳುವವನ ಕಣ್ಣಿಗೆ ಕಾಣುವುದು ಮೇಲಿನ ಹೊಳಪು ಮಾತ್ರ.

ಹಾಗಾದರೆ ಹದವನ್ನು ತಿಳಿಯುವ ಬಗೆ ಹೇಗೆ? ತಂದೆಯವರು ಹಿತ್ತಾಳೆಯ ಚೊಂಬಿನ ಕಂಠಕ್ಕೆ ಚಾಕುವಿನ ಬಾಯನ್ನು ಬಹುಮಟ್ಟಿಗೆ ಮಲಗಿಸಿ, ಲಘುವಾಗಿ ಅಮುಕಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಚು ಎಳ್ಳಷ್ಟು ಉಬ್ಬಿ, ಒತ್ತಡ ತೆಗೆದೊಡನೆ ಮೊದಲಿನ ಗೆರೆಗೆ ಬಂದರೆ ಹದ ಸರಿಯಾಗಿದೆ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗೆ; ಚಕ್ಕೆ ಎದ್ದರೆ ಅತಿ ಗಟ್ಟಿ. ಹಿತ್ತಾಳೆಯ ಸಲಾಕೆಯ ಮೇಲೆ ಇದೇ ಪರೀಕ್ಷೆ ಮಾಡುವುದು ಹೊರದೇಶದ ಚಾಕುಗಾರರಲ್ಲಿಯೂ ಹಳೆಯ ವಾಡಿಕೆಯೆಂದು ಆಮೇಲೆ ಓದಿ ನನಗೆ ಬಹಳ ಸಂತೋಷವಾಯಿತು. ನಮ್ಮ ತಂದೆಯವರಿಗೆ ಅದನ್ನು ಹೇಳಿದೆ, ಅವರಿಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಜಾತ್ರೆಯ ಚಾಕುವನ್ನು ಹೀಗೆ ಅಮುಕಿದಾಗ ಅದರ ಬಾಯಿ ಬಾಡಿದ ವೀಳ್ಯದೆಲೆಯಂತೆ ಒಂದು ಕಡೆಗೆ ವಾಲಿಕೊಂಡು ನಿಂತಿತು.

ಇನ್ನೊಂದು ಪರೀಕ್ಷೆ ಅರದ್ದು. ಹದವಾದ ಅಲಗಿನ ಬೆನ್ನಿನ ಮೇಲೆ ಅರ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ಬೆನ್ನನ್ನು ಮಾತ್ರ ಬೇಕೆಂದೇ ಮೆತ್ತಗಿಡುವ ಕಮ್ಮಾರರೂ ಉಂಟಾದ್ದರಿಂದ ಬಾಯಿಯ ಹತ್ತಿರವೂ ಒಮ್ಮೆ ನೋಡಬೇಕು. ಸಾಣೆ ಹಿಡಿಯುವವರು ಕಿಡಿಯನ್ನು ನೋಡಿಯೇ ಹೇಳುತ್ತಾರೆ: ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಸುರುಸುರುಬತ್ತಿಯಂತೆ ಕವಲೊಡೆದು ಸಿಡಿಯುತ್ತದೆ, ಮೆದು ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹೋಗಿ ಆರುತ್ತದೆ. ಬಾಯಿಯ ಬಳಿ ನೀಲಿ ಮಚ್ಚೆಯಿದ್ದ ಚಾಕುವನ್ನು ಬಿಟ್ಟುಬಿಡುವುದು ಲೇಸು. ಒಣಸಾಣೆಗೆ ಒತ್ತಿ ಹಿಡಿದಾಗ ಕಾವೇರಿ ಹದ ಕೆಟ್ಟಿರುವುದರ ಗುರುತು ಅದು.

ಅಯಸ್ಕಾಂತ ಅಂಟದಿದ್ದರೆ ಸ್ಟೇನ್‌ಲೆಸ್, ಅಂಟಿದರೆ ಬರಿಯ ಉಕ್ಕು ಎಂದು ನಂಬಿದವರು ನಮ್ಮ ಹಾಸ್ಟೆಲಿನಲ್ಲಿ ಬಹಳ ಮಂದಿಯಿದ್ದಾರೆ. ಇದು ಸಾಮಾನ್ಯವಾಗಿ ಊಟದ ತಟ್ಟೆಗೆ ಹೊಂದುವ ಮಾತು. ಹದ ಹಾಕಿ ಗಟ್ಟಿ ಮಾಡಬಹುದಾದ ಸ್ಟೇನ್‌ಲೆಸ್ ಉಕ್ಕಿಗೆ, ಅಂದರೆ ಚಾಕುವಿಗೆ ಯೋಗ್ಯವಾದುದಕ್ಕೆ, ಅಯಸ್ಕಾಂತ ಅಂಟಿಯೇ ಅಂಟುತ್ತದೆ. ಅಂಟದ ಅಲಗೇ ಅನುಮಾನಕ್ಕೆ ಎಡೆ. ತುಕ್ಕು ಹಿಡಿಯುವುದೆಂಬ ಕಾರಣಕ್ಕೆ ಸಾದಾ ಉಕ್ಕನ್ನು ಹೀನವೆಂದು ಎಣಿಸುವುದೂ ಸರಿಯಲ್ಲ. ಕೆಲಸವಾದ ಮೇಲೆ ಒರೆಸಿ ಒಂದು ತೊಟ್ಟು ಎಣ್ಣೆ ಸವರಿದರೆ ಅದು ಕಪ್ಪಾದೀತೇ ಹೊರತು ಕೆಡದು, ಮಸೆಯುವುದಕ್ಕೂ ಸುಲಭ.

ಮಡಿಸುವ ಚಾಕುವಿಗೆ ಉಕ್ಕಿನಷ್ಟೇ ಮುಖ್ಯವಾದದ್ದು ಕೀಲು. ಅಲಗನ್ನು ಪೂರ್ತಿ ಬಿಚ್ಚಿ, ತುದಿಯನ್ನು ಹಿಡಿದು ಅತ್ತಿತ್ತ ಅಲುಗಿಸಬೇಕು. ಸಡಿಲವಾದ ಕೀಲು ಮುಂದೆ ಬಿಗಿಯಾಗುವುದಿಲ್ಲ, ಇನ್ನೂ ಸಡಿಲವಾಗುತ್ತದೆ. ಸ್ಪ್ರಿಂಗ್ ಇರುವುದಾದರೆ ಬಿಚ್ಚುವಾಗಲೂ ಮಡಿಸುವಾಗಲೂ ಟಕ್ಕೆಂದು ಕೂರಬೇಕು. ಬಲವಿಲ್ಲದ್ದು ಬೆರಳಿನ ಮೇಲೆ ಮಡಿಚಿಕೊಳ್ಳುತ್ತದೆ, ಅತಿ ಬಿಗಿಯಾದದ್ದು ಉಗುರನ್ನು ಕೀಳುತ್ತದೆ. ಮಡಿಸಿದಾಗ ಮೊನೆ ಹಿಡಿಯೊಳಗೆ ಮುಳುಗಿರಬೇಕು. ಬೆಳಕಿಗೆ ಹಿಡಿದಾಗ ಸ್ಪ್ರಿಂಗಿಗೂ ಪಟ್ಟಿಗೂ ನಡುವೆ ಬೆಳಕು ಹಾಯದಿದ್ದರೆ ಮಾಡಿದವನು ಅವಸರಪಟ್ಟಿಲ್ಲವೆಂದು ತಿಳಿಯಬಹುದು. ಆಮೇಲೆ ಅಲಗಿನ ತೆಳುವನ್ನು ನೋಡಬೇಕು. ದಪ್ಪ ಪಟ್ಟಿಯ ತುದಿಯನ್ನು ಮಾತ್ರ ಹರಿತ ಮಾಡಿದ್ದರೆ ಅದು ಗಜ್ಜರಿಯನ್ನು ಕತ್ತರಿಸುವ ಬದಲು ಲಟಕ್ಕೆಂದು ಸೀಳುತ್ತದೆ. ಹಿಡಿಯ ಬಣ್ಣ, ಹುಲಿ, ಸಿಂಹ, ಇವುಗಳ ವಿಷಯ ನಾನೇನೂ ಹೇಳುವುದಿಲ್ಲ, ಅನುಭವವಾಗಿದೆ.

ಅಗ್ಗದ ಚಾಕುವೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಮ್ಮ ಇತಿಹಾಸದ ಅಧ್ಯಾಪಕರೊಬ್ಬರ ಬಳಿ ಫ್ರಾನ್ಸ್ ದೇಶದ ಒಪಿನೆಲ್ ಎಂಬ ಚಾಕುವಿದೆ. ಅದನ್ನು ಬೇಡಿ ಒಂದು ಮಧ್ಯಾಹ್ನವೆಲ್ಲ ನೋಡಿದೆ. 1890ರಲ್ಲಿ ಆಲ್ಪ್ಸ್ ಪರ್ವತಗಳ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬ ಹದಿನೆಂಟರ ತರುಣನು ಇದನ್ನು ಮಾಡಿದನು. ಅವನ ಮನೆತನದವರು ಕೊಡಲಿ, ಮಚ್ಚುಗಳನ್ನು ಮಾಡುತ್ತಿದ್ದವರು. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕೆ ಕೊಟ್ಟು ಹನ್ನೆರಡು ಅಳತೆಗಳಲ್ಲಿ ಹೊರತಂದನು. ಎಂಟನೆಯ ಅಂಕೆಯದರ ಅಲಗು ಎಂಟೂವರೆ ಸೆಂಟಿಮೀಟರು. ರೈತರೂ ಕುರಿಗಾಹಿಗಳೂ ಕೊಳ್ಳುವ ಚಾಕು ಅದು. ಬೀಚ್ ಮರದ ಹಿಡಿ, ಅಲಗು, ಒಂದು ರಿವಿಟ್ಟು, ಒಂದು ಲೋಹದ ಪಟ್ಟಿ, ಇಷ್ಟೇ ಇದ್ದುದಕ್ಕೆ 1955ರಲ್ಲಿ ಬೆರಳಿನ ಮೇಲೆ ಮಡಿಚಿಕೊಳ್ಳದಂತೆ ತಿರುಗಿಸಿ ಬಿಗಿಯುವ ಬಳೆಯೊಂದನ್ನು ಸೇರಿಸಿದರು. ಸ್ಪ್ರಿಂಗೇ ಇಲ್ಲ! 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು ಜಗತ್ತಿನ ನೂರು ಸುಂದರ ವಸ್ತುಗಳ ಸಾಲಿಗೆ ಇದನ್ನು ಸೇರಿಸಿತು.

ಜಪಾನಿನ ಹಿಗೋನೊಕಾಮಿ ಇನ್ನೂ ಸರಳ. ಹ್ಯೋಗೊ ಪ್ರಾಂತದ ಮಿಕಿ ಪಟ್ಟಣದಲ್ಲಿ 1890ರ ದಶಕದಲ್ಲಿ ಹುಟ್ಟಿದ ಇದಕ್ಕೆ ಮಡಿಸಿದ ತಗಡೊಂದೇ ಹಿಡಿ. ಅಲಗಿನ ಹಿಂದೆ ಚಿಕ್ಕ ಬಾಲವೊಂದಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಬಿಚ್ಚಬೇಕು, ಹಾಗೆಯೇ ಒತ್ತಿ ಹಿಡಿದು ಕೆಲಸ ಮಾಡಬೇಕು. ಎರಡನೆಯ ಮಹಾಯುದ್ಧ ಕಳೆದ ಮೇಲೂ ಕೆಲವು ಕಾಲ ಅಲ್ಲಿನ ಶಾಲಾಬಾಲಕರು ಸೀಸದಕಡ್ಡಿಯನ್ನು ಹೆರೆಯುತ್ತಿದ್ದುದು ಇದರಿಂದಲೇ. 1960ರ ಸುಮಾರಿಗೆ ಮಕ್ಕಳ ಕೈಗೆ ಚಾಕು ಬೇಡವೆಂಬ ಚಳವಳಿ ಎದ್ದು ಅದರ ಬಳಕೆ ಇಳಿಯಿತು.

ಈ ಎರಡನ್ನೂ ನನ್ನ ಜಾತ್ರೆಯ ಚಾಕುವಿನ ಪಕ್ಕದಲ್ಲಿ ಇಟ್ಟು ಯೋಚಿಸಿದಾಗ ಒಂದು ಲೆಕ್ಕ ಹೊಳೆಯಿತು. ಅಗ್ಗದ ಚಾಕುವಿನಲ್ಲಿ ಹಣ ಸ್ವಲ್ಪವೇ. ಆ ಸ್ವಲ್ಪ ಎಲ್ಲಿ ಹೋಗಿದೆಯೆಂದು ಕೇಳಬೇಕು. ಬಿಡಿಭಾಗಗಳು ಕಡಮೆಯಿದ್ದಷ್ಟೂ ಹಣವೆಲ್ಲ ಅಲಗಿಗೂ ಹದಕ್ಕೂ ಸಲ್ಲುತ್ತದೆ. ಎಪ್ಪತ್ತು ರೂಪಾಯಿಯಲ್ಲಿ ಕತ್ತರಿ, ಅರ, ಬಿರಡೆ ತೆಗೆಯುವುದು, ಹುಲಿ ಇವಿಷ್ಟೂ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಅಲಗಿನ ಪಾಲಿಗೆ ಏನುಳಿದೀತು?

ಪ್ರಸಂಗವಶಾತ್ ಒಂದು ಮಾತು. ನಮ್ಮ ನಾಡಿನವರಿಗೆ ಉಕ್ಕು ಹೊಸದಲ್ಲ. ಇಂಗ್ಲಿಷರು ‘ವೂಟ್ಸ್’ ಎಂದು ಕರೆದ ಪ್ರಸಿದ್ಧ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದುದೆಂದು ಹಲವು ವಿದ್ವಾಂಸರ ಮತ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ತಯಾರಿಸುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಲಂಡನ್ನಿನ ಚಾಕುಗಾರ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಬಹುವಾಗಿ ಮೆಚ್ಚಿ ಅದರಿಂದ ಹರಿತದ ಸಾಮಾನುಗಳನ್ನು ಮಾಡಿದನು. 1820ರಲ್ಲಿ ಅವನೂ ಮೈಕೇಲ್ ಫ್ಯಾರಡೆಯೂ ಕೂಡಿ ಉಕ್ಕಿನ ಮಿಶ್ರಣಗಳ ಮೇಲೆ ಪ್ರಯೋಗಗಳನ್ನು ಪ್ರಕಟಿಸಿದರು. ಫ್ಯಾರಡೆ ಕಮ್ಮಾರನ ಮಗನೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಕಲಾ ವಿದ್ಯಾರ್ಥಿಗಳಿಗಾಗಿ ಇಲ್ಲಿ ಹೇಳಿದೆ.

ಇನ್ನು ಬೆಲೆಯ ಮಾತು. ನಾಲ್ಕು ತಿಂಗಳಿಗೊಂದು ಎಪ್ಪತ್ತು ರೂಪಾಯಿಯ ಚಾಕು ಕೊಂಡರೆ ವರ್ಷಕ್ಕೆ 210 ರೂಪಾಯಿ. ಕಮ್ಮಾರರು ಮಾಡಿಕೊಡುವ ಚಾಕುವಿಗೆ 300 ರೂಪಾಯಿ. ತಂದೆಯವರ ಹಳೆಯದು ಹನ್ನೊಂದು ವರ್ಷ ಬಾಳಿತ್ತು. ಅರ್ಥಶಾಸ್ತ್ರದ ತರಗತಿಯಲ್ಲಿ ಈ ಲೆಕ್ಕ ಹಾಕುವುದಕ್ಕೆ ಒಂದು ನಿಮಿಷ ಸಾಕು. ಆದರೆ ಎಪ್ಪತ್ತು ಇದ್ದ ದಿನ ಮುನ್ನೂರು ಇಲ್ಲದವರೂ ಉಂಟು. ಕೆಲಸವೋ ನಾಳೆ ಬೆಳಿಗ್ಗೆಯೇ ಹಿಡಿಯಬೇಕು. ಹೀಗೆ ಬಡವನು ಒಂದು ಚಾಕುವನ್ನು ಹತ್ತು ಸಲ ಕೊಳ್ಳುತ್ತಾನೆ. ಅವನಿಗೆ ಲೆಕ್ಕ ಬರುವುದಿಲ್ಲವೆಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎರಡನೆಯ ಕಂತು ಬಂದಾಗ ತಂದೆಯವರನ್ನೇ ಕರೆದುಕೊಂಡು ಕಮ್ಮಾರರ ಕುಲುಮೆಗೆ ಹೋದೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕಾಯಿಸಿ ಬಡಿದು, ಎಣ್ಣೆಯಲ್ಲಿ ಅದ್ದಿ, ಮತ್ತೆ ಬೂದಿಯ ಕಾವಿನಲ್ಲಿ ಇಟ್ಟು, ಅವರು ಬಣ್ಣವನ್ನು ನೋಡುತ್ತಾ ಕುಳಿತರು. ಆಗ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಬಿದಿರಿನ ಹಿಡಿ, ಒಂದು ರಿವಿಟ್ಟು. ಹೊಳಪೆಂಬುದು ಎಳ್ಳಷ್ಟೂ ಇಲ್ಲ. ತಂದೆಯವರು ಅದನ್ನು ಚೊಂಬಿನ ಕಂಠಕ್ಕೆ ಅಮುಕಿ, ಬೆಳಕಿಗೆ ಹಿಡಿದರು. ಮತ್ತೊಮ್ಮೆ ಅಮುಕಿದರು. ‘ಇನ್ನು ನೀನು ನೋಡು’ ಎಂದು ನನ್ನ ಕೈಗೆ ಕೊಟ್ಟರು.

ಕಳೆದ ಮಳೆಗಾಲವೆಲ್ಲ ಅವರು ಅದರಲ್ಲೇ ಕಸಿ ಕಟ್ಟಿದರು. ಹುಲಿಯ ಚಾಕು ಅಡಿಗೆಮನೆಯ ಗೂಡಿನಲ್ಲಿದೆ. ಹಾಲಿನ ಪೊಟ್ಟಣದ ಮೂಲೆ ಕತ್ತರಿಸುವುದಕ್ಕೆ ತಾಯಿಯವರು ಅದನ್ನು ದಿನವೂ ತೆಗೆಯುತ್ತಾರೆ. ನನ್ನ ಮಗ ತಂದದ್ದೆಂದು ಬಂದವರಿಗೆಲ್ಲ ತೋರಿಸುತ್ತಾರೆ.