ಹಾಡು-ಪಾಠದ ಒಂದು ವರ್ಷದ ಜಮಾಖರ್ಚು

ಹೊಟ್ಟೆಪಾಡಿಗಾಗಿ ಹಿಂಜವಾಡಿಗೆ ಬಂದು ನೆಲೆಸಿರುವ ನಮ್ಮ ಬಂಧುಗಳಲ್ಲಿ ಭಜನೆ, ದಾಸರ ಪದ, ಹಾರ್ಮೋನಿಯಂ, ತಬಲಾ ಬಲ್ಲವರು ಹಲವರುಂಟು. ಪಾಳಿ ಮುಗಿದ ಮೇಲೆ ಮೊಬೈಲಿನಲ್ಲಿಯೇ ಹಾಡನ್ನೂ ಪಾಠವನ್ನೂ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವ ಹವ್ಯಾಸ ಈಗ ಎಲ್ಲೆಡೆ ಬೆಳೆದಿದೆ. ವರ್ಷ ತುಂಬಿದಾಗ ಹೀಗೆ ದುಡಿದವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇಷ್ಟು ಶ್ರಮಪಟ್ಟದ್ದಕ್ಕೆ ಬಂದ ಫಲವೇನು?

ಮೊದಲು ಹಣದ ಮಾತು. ಉದ್ದನೆಯ ವಿಡಿಯೋಗಳಿಗೆ ಜಾಹೀರಾತಿನ ವರಮಾನದಲ್ಲಿ ಪಾಲು ದೊರೆಯಬೇಕಾದರೆ 1,000 ಚಂದಾದಾರರೂ, ಹನ್ನೆರಡು ತಿಂಗಳೊಳಗೆ 4,000 ಗಂಟೆಗಳ ವೀಕ್ಷಣೆಯೂ ಇರಬೇಕೆಂಬುದು ಯೂಟ್ಯೂಬಿನ ನಿಯಮ. ಹತ್ತು ನಿಮಿಷದ ಪಾಠವೊಂದನ್ನು ಆರು ಮಂದಿ ಕೊನೆಯವರೆಗೆ ನೋಡಿದರೆ ಒಂದು ಗಂಟೆಯಾಯಿತು. 4,000 ಗಂಟೆಗೆ 24,000 ಸಲ ನೋಡಬೇಕು. ವಾರಕ್ಕೊಂದರಂತೆ ವರ್ಷಕ್ಕೆ 52 ಪಾಠಗಳಾದರೆ, ಒಂದೊಂದನ್ನೂ 460ಕ್ಕೂ ಹೆಚ್ಚು ಸಲ ಪೂರ್ತಿಯಾಗಿ ನೋಡಿರಬೇಕು. ಅರ್ಧಕ್ಕೇ ಬಿಟ್ಟು ಹೋಗುವವರೇ ಹೆಚ್ಚಾದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಇಷ್ಟಾದರೂ ಬಾಗಿಲು ತೆರೆಯಿತೇ ಹೊರತು ಸಂಬಳ ಬಂದಂತಲ್ಲ. ಆದುದರಿಂದ ಊರಿಗೆ ಕಳಿಸಬೇಕಾದ ಹಣವನ್ನು ತಡೆದು, ಕಂತಿನ ಮೇಲೆ ಕ್ಯಾಮೆರಾ ಕೊಳ್ಳುವುದು ವಿವೇಕವಲ್ಲ.

ಹಾಗಾದರೆ ಜಮೆಯೇನು? ಇದಕ್ಕೆ ಉತ್ತರ ಪುಣೆಯ ಸಂಗೀತದ ಚರಿತ್ರೆಯಲ್ಲಿಯೇ ಇದೆ. ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯ ಗೌಹರ್ ಜಾನ್ ಅವರ ಗಾಯನವನ್ನು ಗಾನತಟ್ಟೆಗೆ ಇಳಿಸಿದರು. ಆಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡಿಗಷ್ಟೇ ಸ್ಥಳ. ಅಂಥ ಒಂದು ತಟ್ಟೆಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಕೇಳಿ ಮರುಳಾದ ಗದಗಿನ ಕಡೆಯ ಹುಡುಗನೊಬ್ಬ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆಬಿಟ್ಟ. ಆತನೇ ಮುಂದೆ ಪುಣೆಯಲ್ಲಿ ನೆಲೆಸಿ, ಭಾರತರತ್ನರಾದ ಪಂಡಿತ ಭೀಮಸೇನ ಜೋಶಿ. ಅದೇ ಖಾನರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದಿದ್ದರು.

ಆದರೆ ಆ ಹುಡುಗ ತಟ್ಟೆಯನ್ನು ಕೇಳುತ್ತ ಮನೆಯಲ್ಲಿಯೇ ಕುಳಿತಿರಲಿಲ್ಲವೆಂಬುದನ್ನು ಗಮನಿಸಬೇಕು. ಗ್ವಾಲಿಯರ್ ಮೊದಲಾದ ಊರುಗಳನ್ನು ಅಲೆದು, ಕೊನೆಗೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಸೇರಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಆ ಗುರುವಿನ ಸ್ಮರಣೆಗಾಗಿ 1953ರಲ್ಲಿ ಆರಂಭವಾದ ಪುಣೆಯ ಉತ್ಸವ ಇಂದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವೆಂದು ಪ್ರಸಿದ್ಧವಾಗಿದೆ. ತಟ್ಟೆ ಆಸೆ ಹುಟ್ಟಿಸಿತು. ತಪ್ಪನ್ನು ತಿದ್ದಿದವರು ಗುರುಗಳು. ವಿಡಿಯೋ ಪಾಠದ ಶಕ್ತಿಯೂ ಮಿತಿಯೂ ಇಷ್ಟೇ. ಅದು ನೂರು ಸಲ ಬೇಸರಪಡದೆ ಹಾಡಿ ತೋರಿಸಬಲ್ಲದು. ಕಲಿಯುವವನ ಗಾಂಧಾರ ಇಳಿದದ್ದು ಅದಕ್ಕೆ ಕೇಳಿಸದು.

ಈ ಕೊರತೆಯನ್ನು ತುಸು ತುಂಬಿಕೊಳ್ಳುವ ಉಪಾಯಗಳಿವೆ. ಸರಳೆವರಸೆ, ಜಂಟಿವರಸೆ, ಅಲಂಕಾರಗಳ ಮೆಟ್ಟಿಲುಗಳನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಒಂದು ಮೆಟ್ಟಿಲಿಗೆ ಒಂದೇ ಹೆಜ್ಜೆ ಎಂಬುದೇ ಅಲ್ಲಿನ ಗುಟ್ಟು. ನಮ್ಮ ವಿಡಿಯೋದಲ್ಲಿಯೂ ಒಂದು ಪಾಠಕ್ಕೆ ಒಂದೇ ವಿಷಯವಿರಲಿ. ಯಾವ ಶ್ರುತಿಯೆಂದು ಮೊದಲು ಹೇಳಬೇಕು. ಒಂದು ಸಾಲು ಹಾಡಿ, ಕೇಳುವವರು ತಿರುಗಿ ಹಾಡುವಷ್ಟು ಹೊತ್ತು ತಂಬೂರಿಯನ್ನಷ್ಟೇ ನುಡಿಸಬೇಕು. ಕಲಿಯುವವರು ತಾವು ಹಾಡಿದ್ದನ್ನು ಧ್ವನಿಮುದ್ರಿಸಿ ಕಳಿಸಿದರೆ, ಕೇಳಿ ತಿದ್ದಬೇಕು. ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಹಾಡುವುದು ಮಾತ್ರ ಕೈಗೂಡದು. ಸದ್ದು ತಡವಾಗಿ ತಲುಪುವುದರಿಂದ ತಾಳ ತಪ್ಪುತ್ತದೆ. ಇದಲ್ಲದೆ, ಒಂದೇ ಸಮನೆ ಬರುವ ನಾದವನ್ನು ಗದ್ದಲವೆಂದು ತಿಳಿದು ಆ್ಯಪು ತಂಬೂರಿಯನ್ನೇ ಅಳಿಸಿಬಿಡುವುದುಂಟು. ಕೋಣೆಯಲ್ಲಿ ನಾಲ್ಕು ಜನರಿದ್ದರೆ ಅವರ ಪಾಳಿ ನೋಡಿ ಹೊತ್ತು ಆರಿಸಿ, ಫ್ಯಾನು ನಿಲ್ಲಿಸಿ, ಬರಿ ಗೋಡೆಗೆ ಕಂಬಳಿ ಇಳಿಬಿಟ್ಟರೆ ಪ್ರತಿಧ್ವನಿ ತಗ್ಗುತ್ತದೆ. ಇದಕ್ಕೆ ಖರ್ಚಿಲ್ಲ.

ಕಾನೂನಿನ ಮಾತೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ರಚನಕಾರರ ಹಕ್ಕು ಅವರ ಮರಣಾನಂತರ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷ ಉಳಿಯುತ್ತದೆ. ದಾಸರ ಪದಗಳನ್ನು ಯಾರೂ ಹಾಡಬಹುದು. ಆದರೆ ಈಚಿನವರು ಅದಕ್ಕೆ ಕೂಡಿಸಿದ ಧಾಟಿಗೂ, ಕಂಪನಿಯ ಧ್ವನಿಮುದ್ರಣಕ್ಕೂ ಬೇರೆ ಒಡೆಯರಿರಬಹುದು. ಸಿನಿಮಾ ಹಾಡಿನ ಹಿನ್ನೆಲೆ ವಾದ್ಯವನ್ನು ಎರವಲು ತಂದರೆ ಯೂಟ್ಯೂಬಿನ ಯಂತ್ರವೇ ಗುರುತಿಸಿ, ವರಮಾನವನ್ನು ಹಕ್ಕುದಾರರಿಗೆ ತಿರುಗಿಸಬಲ್ಲದು. ಹಾರ್ಮೋನಿಯಮ್ಮನ್ನು ನಾವೇ ನುಡಿಸಿಕೊಳ್ಳುವುದು ಕ್ಷೇಮ.

ವರ್ಷದ ಕೊನೆಗೆ ಮೊದಲನೆಯ ವಿಡಿಯೋವನ್ನೂ ಕೊನೆಯದನ್ನೂ ಒಟ್ಟಿಗೆ ಇಟ್ಟು ಕೇಳಿರಿ. ಬೇರೆಯವರಿಗೆ ಹೇಳಿಕೊಡಲು ಹೊರಟವನು ತನ್ನ ಸ್ವರವನ್ನು ತಾನೇ ಹತ್ತು ಸಲ ಕೇಳಬೇಕಾಗುತ್ತದೆ. ಅದರಿಂದ ಶ್ರುತಿ ಶುದ್ಧವಾಗಿದ್ದರೆ ಅದೇ ಮೊದಲ ಜಮೆ. ಊರಿನಲ್ಲಿರುವ ತಮ್ಮನೋ ತಂಗಿಯೋ ಪಾಠ ನೋಡಿ ಕಲಿತು ಒಂದು ಪದ ಹಾಡಿ ಕಳಿಸಿದರೆ ಎರಡನೆಯದು. ಭಾನುವಾರ ಬಿಡುವಿದ್ದವರು ಎದುರುಬದುರು ಕುಳಿತು ಒಬ್ಬರನ್ನೊಬ್ಬರು ತಿದ್ದಿಕೊಳ್ಳುವುದಾದರೆ, ಮೊಬೈಲು ಮಾಡಲಾರದ ಕೆಲಸವೂ ನಡೆದೀತು.